ನನ್ನ ಟ್ರೇಯಲ್ಲಿ ಅವಳ ಕೈ

ಐವತ್ತಾರು ತುಂಬಿದ ವರ್ಷ ನನಗೆ ಓದುವ ಕನ್ನಡಕ ಬೇಡವಾಯಿತು. ಅದಕ್ಕೆ ಹಿಂದಿನ ಹತ್ತು ವರ್ಷ ಅದಿಲ್ಲದೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಒಂದು ಭಾನುವಾರ ಕನ್ನಡಕ ಎಲ್ಲಿಟ್ಟೆನೋ ಹುಡುಕಲು ಬೇಸರವಾಗಿ ಹಾಗೇ ಪ್ರಯತ್ನಿಸಿದೆ. ಮೊದಲ ಸಲಕ್ಕೇ ದಾರ ಒಳಗೆ ಹೋಯಿತು. ಪೇಪರು ತೆಗೆದು ನೋಡಿದೆ, ಸಣ್ಣ ಅಕ್ಷರವೂ ಕಂಡಿತು. ಗಟ್ಟಿಯಾಗಿ ಓದಿ ನನ್ನ ಯಜಮಾನರಿಗೆ ಕೇಳಿಸಿದೆ. ಅವರು ಆಟೋ ಓಡಿಸುವವರು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದರು.

"ಊರಿಗೆಲ್ಲ ವಯಸ್ಸು ಏರಿದ್ರೆ ನಿಂಗೆ ಇಳೀತಾ ಇದೆ ಕಣೇ" ಅಂದರು.

ನಾನು ನಂಬಿಬಿಟ್ಟೆ. ಕೆಲಸದ ಕಡೆಯೂ ಹೇಳಿಕೊಂಡು ಓಡಾಡಿದೆ. ಯಾಕೆಂದರೆ ನನ್ನ ಕೆಲಸವೇ ಕಣ್ಣಿನದು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಕೂರುತ್ತಿದ್ದೇನೆ. ಪಂಪುಗಳ ಒಳಗೆ ಹಾಕುವ ಉಕ್ಕಿನ ಬುಶ್ ನಮ್ಮಲ್ಲಿ ತಯಾರಾಗುತ್ತದೆ. ಹೆಬ್ಬೆರಳಿನ ಗಾತ್ರದ ಚಿಕ್ಕ ಕೊಳವೆಯ ತುಂಡು ಅಷ್ಟೆ. ಲೇತ್‌ನಲ್ಲಿ ಕಡೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ನಮ್ಮ ಮುಂದೆ ತಂದು ಸುರಿಯುತ್ತಾರೆ. ಒಂದೊಂದನ್ನೂ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಿರುಗಿಸಬೇಕು. ಗೀರಿದೆಯಾ, ಬಿರುಕಿದೆಯಾ, ಅಂಚಿನಲ್ಲಿ ಕಡೆದಾಗ ಎದ್ದ ಉಕ್ಕಿನ ಮುಳ್ಳು ಉಳಿದಿದೆಯಾ ನೋಡಬೇಕು. ಒಳ್ಳೆಯದು ಹಸಿರು ಟ್ರೇಗೆ, ಕೆಟ್ಟದ್ದು ಕೆಂಪು ಡಬ್ಬಕ್ಕೆ. ಕೂದಲೆಳೆಯಷ್ಟು ಗೀರಿದ್ದರೂ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ ಅಂತ ಲೇತ್‌ನವರೇ ಹೇಳುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೂ ತಲೆಗೆ ಹತ್ತಿತ್ತು.

ಟೇಬಲ್ಲಿನ ಆ ಬದಿಯಲ್ಲಿ ಕೂರುತ್ತಿದ್ದವಳು ಯಾದಗಿರಿ ಕಡೆಯವಳು. ನಲವತ್ತರ ಆಸುಪಾಸು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮೂರು ವರ್ಷದ ಹಿಂದೆ ಬಂದಾಗ ರಾಜಗೋಪಾಲನಗರದಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಅವರಿಗೊಂದು ರೂಮು ಕೊಡಿಸಿದ್ದು ನಾನು. ಬುಶ್ಶನ್ನು ಯಾವ ಕಡೆ ವಾಲಿಸಿದರೆ ಗೀರು ಬೆಳಕಿಗೆ ಸಿಕ್ಕಿಬೀಳುತ್ತದೆ ಅಂತ ಕೈ ಹಿಡಿದು ಹೇಳಿಕೊಟ್ಟಿದ್ದೂ ನಾನೇ. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಮಾತು ಕಡಿಮೆ. ಒಂದೇ ತಕರಾರು ನನಗೆ ಅವಳ ಮೇಲೆ ಇದ್ದದ್ದು. ಮೊದಮೊದಲು ಚುರುಕಾಗಿದ್ದವಳು ಬರಬರುತ್ತ ನಿಧಾನವಾದಳು. ನನ್ನದು ಐದು ಟ್ರೇ ಮುಗಿದರೆ ಅವಳದ್ದು ಮೂರೂ ಮುಗಿದಿರುತ್ತಿರಲಿಲ್ಲ. ಸೂಪರ್‌ವೈಸರ್ ಹತ್ತಿರ ಎರಡು ಮೂರು ಸಲ ಆಡಿಯೂ ಬಿಟ್ಟಿದ್ದೆ.

ಅದೇ ಸುಮಾರಿಗೆ ನಾನು ಇನ್ನೂ ಏನೇನೋ ದೂರುತ್ತಿದ್ದೆ. ಟ್ಯೂಬ್‌ಲೈಟ್ ಮಂಕು ಅಂತ ಹೇಳಿ ಎರಡು ಸಲ ಬದಲು ಮಾಡಿಸಿದೆ. ಸೋಪಿನ ಪುಡಿ ಸರಿಯಿಲ್ಲ, ಬಿಳಿ ಬಟ್ಟೆಯೆಲ್ಲ ಹಳದಿಗೆ ತಿರುಗುತ್ತಿದೆ ಅಂತ ಅಂಗಡಿಯವನ ಜೊತೆ ಜಗಳ. ಸಂಜೆ ತುಮಕೂರು ರೋಡು ದಾಟುವಾಗ ಲಾರಿಗಳ ಲೈಟಿನ ಸುತ್ತ ದೊಡ್ಡ ಬಳೆ ಕಾಣುತ್ತಿತ್ತು. ಪೀಣ್ಯದ ಹೊಗೆ, ಇನ್ನೇನಾಗುತ್ತೆ ಅಂದುಕೊಂಡೆ. ಕೆಟ್ಟದ್ದು ಲೈಟು, ಸೋಪು, ಹೊಗೆ. ನನ್ನ ಕಣ್ಣು ಅಂತ ಒಂದು ದಿನವೂ ಅನ್ನಿಸಲಿಲ್ಲ.

ಆಮೇಲೆ ಮಾಲು ವಾಪಸ್ ಬರಲು ಶುರುವಾಯಿತು. ಪಂಪಿನ ಕಂಪನಿಯವರು ಒಂದು ಲಾಟಿನಲ್ಲಿ ಗೀರಿರುವ ಪೀಸುಗಳು ಸಿಕ್ಕವು ಅಂತ ಪೆಟ್ಟಿಗೆಯನ್ನೇ ಕಳಿಸಿಕೊಟ್ಟರು. ಪೆಟ್ಟಿಗೆಯ ಮೇಲೆ ನಮ್ಮ ಟೇಬಲ್ಲಿನ ನಂಬರ್ ಇರುತ್ತದೆ, ಯಾರು ನೋಡಿದ್ದು ಅಂತ ಇರುವುದಿಲ್ಲ. ಸೂಪರ್‌ವೈಸರ್ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ಅವಳ ಕಡೆ ನೋಡಿದೆ. ಅವಳು ನೆಲ ನೋಡಿದಳು. ನನಗೆ ಅಷ್ಟೇ ಸಾಕಾಯಿತು.

ಅದಾಗಿ ಒಂದು ವಾರಕ್ಕೆ ಊಟದ ಬೆಲ್ ಹೊಡೆದಾಗ ಕೈ ತೊಳೆಯಲು ಹೋದವಳು, ಊಟದ ಡಬ್ಬಿ ಮರೆತೆ ಅಂತ ಅರ್ಧ ದಾರಿಯಿಂದ ತಿರುಗಿ ಬಂದೆ. ಎಲ್ಲರೂ ಹೊರಗೆ ಹೋಗಿದ್ದರು. ಅವಳೊಬ್ಬಳೇ ಟೇಬಲ್ಲಿನ ಮೇಲೆ ಬಗ್ಗಿ ನಿಂತಿದ್ದಳು. ಅವಳ ಕೈ ನನ್ನ ಹಸಿರು ಟ್ರೇಯೊಳಗೆ ಇತ್ತು.

"ಏನ್ ಮಾಡ್ತಿದೀಯಾ?"

ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. "ಏನಿಲ್ರಿ ಅಕ್ಕಾ."

ಮಣಿಕಟ್ಟು ಹಿಡಿದು ಮುಷ್ಟಿ ಬಿಡಿಸಿದೆ. ಎರಡು ಬುಶ್. ಲೈಟಿಗೆ ಹಿಡಿದು ನೋಡಿದೆ. ಎರಡೂ ಫಳಫಳ ಹೊಳೆಯುತ್ತಿದ್ದವು, ಒಂದು ಕಲೆ ಇಲ್ಲ. ನನ್ನ ತಲೆಯಲ್ಲಿ ಲೆಕ್ಕ ಕೂಡಿತು: ನನ್ನ ಒಳ್ಳೇ ಪೀಸು ತೆಗೆದುಕೊಂಡು ತನ್ನ ಕೆಟ್ಟ ಪೀಸು ನನ್ನ ಟ್ರೇಗೆ ಹಾಕುತ್ತಿದ್ದಾಳೆ. ಆ ಎರಡನ್ನೂ ಟ್ರೇಗೆ ವಾಪಸ್ ಎಸೆದು, ಅವಳನ್ನು ದರದರ ಎಳೆದುಕೊಂಡು ಎಲ್ಲರೂ ಉಣ್ಣುತ್ತಿದ್ದ ಶೆಡ್ಡಿಗೆ ಹೋದೆ.

"ನೋಡಿ ಸಾರ್, ಮಾಲು ಯಾಕೆ ವಾಪಸ್ ಬರ್ತಿದೆ ಅಂತ ಕೇಳಿದ್ರಲ್ಲ? ಇವಳನ್ನ ಕೇಳಿ. ನನ್ ಟ್ರೇಗೆ ಕೈ ಹಾಕಿದ್ದಾಗ ಹಿಡ್ಕೊಂಡಿದೀನಿ. ಕಳ್ಳಿ!"

ಸೂಪರ್‌ವೈಸರ್ ತುತ್ತು ಕೆಳಗಿಟ್ಟರು. "ಏನಮ್ಮಾ, ಹೌದಾ?"

ಅವಳು ನನ್ನ ಮುಖವನ್ನೇ ನೋಡಿದಳು. ನಾನೇನೋ ಹೇಳಲಿ ಅಂತ ಕಾಯುವ ಹಾಗೆ. ಆಮೇಲೆ, "ಹೇಳೂದೇನಿಲ್ರಿ ಸರ" ಅಂದಳು.

ಮರುದಿನದಿಂದ ಅವಳನ್ನು ತೊಳೆಯುವ ಕೆಲಸಕ್ಕೆ ಹಾಕಿದರು. ಅದು ಕಾರ್ಖಾನೆಯ ಹಿಂಭಾಗದಲ್ಲಿ, ಸೀಮೆಎಣ್ಣೆ ತೊಟ್ಟಿಯ ಹತ್ತಿರ. ಲೋಹದ ಚೂರು ಚುಚ್ಚಿ, ಎಣ್ಣೆಗೆ ಚರ್ಮ ಸುಲಿದು, ವಾರದೊಳಗೆ ಕೈ ಹಾಳಾಗುವ ಜಾಗ. ಎದುರು ಸಿಕ್ಕಾಗ ಅಕ್ಕಾ ಅನ್ನುವುದು ನಿಲ್ಲಿಸಿದಳು. ಮೇಡಂ ಅನ್ನತೊಡಗಿದಳು. ನನಗೆ ಏನೂ ಅನ್ನಿಸಲಿಲ್ಲ. ನ್ಯಾಯವಾಗಿದೆ ಅಂದುಕೊಂಡು ಒಬ್ಬಳೇ ಟೇಬಲ್ಲಿಗೆ ಕೂತೆ.

ಅವಳು ಹೋದ ಮೇಲೆ ಮಾಲು ವಾಪಸ್ ಬರುವುದು ನಿಲ್ಲಬೇಕಿತ್ತು. ದುಪ್ಪಟ್ಟಾಯಿತು. ಮೊದಲ ಪೆಟ್ಟಿಗೆ ಬಂದಾಗ, "ಅವಳಿದ್ದಾಗಿನ ಹಳೇ ಸ್ಟಾಕು ಸಾರ್" ಅಂದೆ. ಎರಡನೆಯದಕ್ಕೂ ಅದೇ ಅಂದೆ. ಮೂರನೆಯ ಪೆಟ್ಟಿಗೆಯನ್ನು ಸೂಪರ್‌ವೈಸರ್ ನನ್ನ ಮುಂದೆ ಇಟ್ಟು ಚೀಟಿಯ ಮೇಲಿನ ತಾರೀಖಿಗೆ ಬೆರಳು ತೋರಿಸಿದರು. ಅವಳು ಹೋಗಿ ಹನ್ನೆರಡು ದಿನ ಆದಮೇಲಿನದು. ಆದರೂ ಲೇತ್‌ನವರು ಬೇಕಂತಲೇ ಏನೋ ಮಾಡುತ್ತಿದ್ದಾರೆ ಅಂತ ವಾದ ಮಾಡಿದೆ.

ಪಂಪಿನ ಕಂಪನಿಯವರು ಒಂದೇ ಮಾತು ಹೇಳಿದ್ದರು: ಪೀಸು ನೋಡುವವರ ಕಣ್ಣು ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಹಿಂದೆಲ್ಲ ಆ ಪರೀಕ್ಷೆಯ ಫಾರಂ ತುಂಬಿ ಸಹಿ ಹಾಕಿ ಮುಗಿಸುತ್ತಿದ್ದರು. ಈ ಸಲ ಕಣ್ಣು ಪರೀಕ್ಷೆ ಮಾಡುವ ಹೆಣ್ಣುಮಗಳೊಬ್ಬಳು ನಿಜವಾಗಲೂ ಬಂದು ಊಟದ ಶೆಡ್ಡಿನ ಗೋಡೆಗೆ ಅಕ್ಷರದ ಬೋರ್ಡ್ ತೂಗುಹಾಕಿದಳು. ನನಗೆ ನಗು. ಇಪ್ಪತ್ತೆರಡು ವರ್ಷ ಕಣ್ಣಿನಿಂದಲೇ ಅನ್ನ ತಿಂದವಳಿಗೆ ಇವಳೇನು ಪರೀಕ್ಷೆ ಮಾಡ್ತಾಳೆ ಅಂತ.

"ಬಲಗಣ್ಣು ಮುಚ್ಕೊಳಿ ಆಂಟಿ."

ಮುಚ್ಚಿಕೊಂಡೆ. ಮೇಲಿನ ಸಾಲುಗಳು ಕಂಡವು, ಕೆಳಗಿನವು ಕಾಣಲಿಲ್ಲ. ದೂರದ್ದು ಸ್ವಲ್ಪ ಮಸುಕು ಇರಬಹುದು, ಅದೇನು ದೊಡ್ಡದು?

"ಈಗ ಎಡಗಣ್ಣು ಮುಚ್ಚಿ."

ಮುಚ್ಚಿದೆ. ಬೋರ್ಡ್ ಇರಲಿಲ್ಲ. ಗೋಡೆಯೂ ಇರಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರಿನ ಹಬೆ ತುಂಬಿದ ಹಾಗೆ ಮುಂದೆಲ್ಲ ಬೂದು ಬಿಳುಪು.

"ಬೋರ್ಡ್ ಯಾಕಮ್ಮಾ ತೆಗೆದೆ?" ಅಂದೆ.

"ಬೋರ್ಡ್ ಅಲ್ಲೇ ಇದೆ ಆಂಟಿ" ಅಂದಳು ಆ ಹುಡುಗಿ, ಮೆಲ್ಲಗೆ. ಆಮೇಲೆ ನನ್ನ ಮುಖದ ಹತ್ತಿರ ಏನೋ ಆಡಿತು. "ಎಷ್ಟು ಬೆರಳು ಹೇಳಿ?"

ಹೇಳಲು ಆಗಲಿಲ್ಲ. ಎಡಗೈ ಕೆಳಗಿಳಿಸಿದೆ, ಬೋರ್ಡು, ಗೋಡೆ, ಅವಳ ಮೂರು ಬೆರಳು, ನನ್ನನ್ನೇ ನೋಡುತ್ತಿದ್ದ ಜನ ಎಲ್ಲ ವಾಪಸ್ ಬಂದರು. ಮತ್ತೆ ಮುಚ್ಚಿದೆ, ಹೋದರು. ಮೂರು ನಾಲ್ಕು ಸಲ ಹಾಗೇ ಮಾಡಿದೆ. ಬೆಂಚಿನ ಮೇಲೆ ಕೂತುಬಿಟ್ಟೆ. ಒಂದು ಕಣ್ಣು ಸತ್ತೇಹೋಗಿತ್ತು, ನನಗೇ ಗೊತ್ತಿರಲಿಲ್ಲ. ಎರಡೂ ತೆರೆದಿರುವಾಗ ಎಡಗಣ್ಣೇ ಎರಡರ ಕೆಲಸವನ್ನೂ ಮಾಡಿ ನನಗೆ ಸುಳ್ಳು ಹೇಳುತ್ತಾ ಬಂದಿತ್ತು.

ಕಣ್ಣಾಸ್ಪತ್ರೆಗೆ ಯಜಮಾನರೇ ಆಟೋದಲ್ಲಿ ಕರೆದುಕೊಂಡು ಹೋದರು. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ಕೂರಿಸಿ, ಆಮೇಲೆ ಯಂತ್ರದ ಮುಂದೆ ಗಲ್ಲ ಇಡಿಸಿ ನೋಡಿದರು. "ಎರಡು ಕಣ್ಣಲ್ಲೂ ಪೊರೆ ಇದೆ. ಬಲಗಡೆ ತುಂಬಾ ಬಲಿತಿದೆ. ಎಷ್ಟು ದಿನದಿಂದ ಮಂಜು?"

"ಮಂಜೇನೂ ಇಲ್ಲ ಮೇಡಂ. ನಂಗೆ ಕನ್ನಡಕ ಇಲ್ದೆ ಸೂಜಿಗೆ ದಾರ ಹಾಕಕ್ಕೆ ಬರತ್ತೆ. ಎರಡು ವರ್ಷದಿಂದ ಕಣ್ಣು ಚೆನ್ನಾಗಿ ಆಗಿದೆ."

ಅವರು ಬರೆಯುವುದು ನಿಲ್ಲಿಸಿದರು. "ಅಮ್ಮಾ, ಅದೇ ಪೊರೆ ಶುರುವಾದ ಗುರುತು."

ಕಣ್ಣಿನ ಒಳಗೊಂದು ಪುಟ್ಟ ಮಸೂರ ಇರುತ್ತದಂತೆ, ಗಾಜಿನ ಹಾಗೆ ತಿಳಿ. ವಯಸ್ಸಾದಂತೆ ಅದೇ ಗಟ್ಟಿಯಾಗಿ ಮಬ್ಬಾಗುತ್ತದೆ, ಮೊಟ್ಟೆಯ ಲೋಳೆ ಬೆಂದರೆ ಬೆಳ್ಳಗಾಗುವ ಹಾಗೆ. ಗಟ್ಟಿಯಾಗುವಾಗ ಕೆಲವರಿಗೆ ಕಣ್ಣಿನ ನಂಬರ್ ಬದಲಾಗಿ ಸ್ವಲ್ಪ ಕಾಲ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಜನ ಕಣ್ಣು ಸುಧಾರಿಸಿತು ಅಂದುಕೊಳ್ಳುತ್ತಾರೆ. ನಾನು ಊರಿಗೆಲ್ಲ ಹೇಳಿಕೊಂಡು ಮೆರೆದದ್ದು ಕಾಯಿಲೆಯನ್ನು! ಲೈಟಿನ ಸುತ್ತ ಬಳೆ, ಬಟ್ಟೆಯ ಹಳದಿ, ಮಂಕು ಟ್ಯೂಬ್‌ಲೈಟು, ಒಂದೊಂದಾಗಿ ಅವರೇ ಕೇಳಿದರು. ಎಲ್ಲದಕ್ಕೂ ಹೌದು ಹೌದು ಅನ್ನುತ್ತ ಹೋದೆ.

ಪೊರೆ ಅಂದರೆ ಹಾಲಿನ ಕೆನೆಯ ಹಾಗೆ ಕಣ್ಣಿನ ಮೇಲೆ ಕಟ್ಟುವುದು, ಹೆರೆದು ತೆಗೆಯುತ್ತಾರೆ ಅಂತ ನನ್ನ ತಿಳಿವಳಿಕೆ. ನನ್ನ ಅಮ್ಮನಿಗೆ ಆಪರೇಶನ್ ಆದಾಗ ತಲೆ ಅಲ್ಲಾಡಿಸದೆ ಎಷ್ಟೋ ದಿನ ಮಲಗಿಸಿದ್ದರು, ಆಮೇಲೆ ಸೀಸೆಯ ತಳದಷ್ಟು ದಪ್ಪ ಕನ್ನಡಕ. "ಇನ್ನೂ ಸ್ವಲ್ಪ ಹಣ್ಣಾಗ್ಲಿ ಬಿಡಿ ಮೇಡಂ" ಅಂದೆ.

"ಹಣ್ಣಾಗೋದು ಕಾಯೋ ಕಾಲ ಹೋಯ್ತು. ಕಾದಷ್ಟೂ ಗಟ್ಟಿಯಾಗಿ ಒಡೆಯೋಕೆ ಕಷ್ಟ. ಹನಿ, ಮಾತ್ರೆ, ಕನ್ನಡಕ ಯಾವುದರಿಂದಲೂ ಇದು ಹೋಗಲ್ಲ. ಮಬ್ಬಾದ ಮಸೂರ ತೆಗೆದು ಹೊಸದು ಕೂರಿಸ್ಬೇಕು. ಅಷ್ಟೇ."

ಶುಗರ್, ಬಿಪಿ ನೋಡಿ, ಕಣ್ಣಿನ ಅಳತೆ ತೆಗೆದು, ಮುಂದಿನ ವಾರವೇ ಬಲಗಣ್ಣಿಗೆ ಮಾಡಿದರು. ಪ್ರಜ್ಞೆ ತಪ್ಪಿಸುತ್ತಾರೆ ಅಂತ ನಾನು ಧೈರ್ಯವಾಗಿದ್ದೆ, ತಪ್ಪಿಸಲಿಲ್ಲ. ಕಣ್ಣು ಮಾತ್ರ ಮರಗಟ್ಟಿತ್ತು. ಮುಖದ ಮೇಲೆ ಬಟ್ಟೆ, ಒಂದು ಕಣ್ಣಿಗೆ ಮಾತ್ರ ತೂತು. ಎದುರಿಗೆ ಮೂರು ಬೆಳಕು, ನೀರಿನೊಳಗಿಂದ ನೋಡಿದ ಹಾಗೆ ಅಲುಗಾಡುತ್ತಿದ್ದವು. ಯಂತ್ರ ಗುಂಯ್ ಅನ್ನುತ್ತಿತ್ತು. ಹಳೆಯ ಮಸೂರವನ್ನು ಪುಡಿ ಮಾಡಿ ಹೀರಿಕೊಳ್ಳುತ್ತಿದ್ದಾರೆ ಅಂತ ಮೊದಲೇ ಹೇಳಿದ್ದರು. ನೋವಿರಲಿಲ್ಲ, ಒತ್ತಿದಂತೆ ಮಾತ್ರ. ಆದರೆ ನನ್ನ ಕಣ್ಣಿನ ತುಂಡು ಪುಡಿಯಾಗುವುದನ್ನು ನಾನೇ ಎಚ್ಚರವಾಗಿ ಮಲಗಿ ಕೇಳಿಸಿಕೊಳ್ಳುತ್ತಿದ್ದೇನಲ್ಲ ಅಂತ ಹೆದರಿಕೆ. "ಆಯ್ತಮ್ಮ" ಅಂದಾಗ ಇಷ್ಟು ಬೇಗನಾ ಅನ್ನಿಸಿತು. ಸಂಜೆಗೆ ಮನೆಯಲ್ಲಿದ್ದೆ.

ಮರುದಿನ ಪಟ್ಟಿ ತೆಗೆದರು. ಬೆಳಕು ಹೊಡೆದಂತಾಯಿತು. ನರ್ಸಿನ ಬಿಳಿ ಕೋಟು ಅಷ್ಟು ಬಿಳಿ ಇರುತ್ತದೆ ಅಂತ ಮರೆತೇಹೋಗಿತ್ತು. ಎಡಗಣ್ಣು ಮುಚ್ಚಿ ನೋಡಿದರೆ ಬಿಳಿ. ಬಲಗಣ್ಣು ಮುಚ್ಚಿ ಎಡದಲ್ಲಿ ನೋಡಿದರೆ ಅದೇ ಕೋಟು ಟೀ ಚೆಲ್ಲಿದ ಬಣ್ಣ. ನಾನು ಒಳ್ಳೇ ಕಣ್ಣು ಅಂದುಕೊಂಡಿದ್ದು ಅದು! ಹೊರಗೆ ಬಂದರೆ ಯಜಮಾನರ ಮುಖದಲ್ಲಿ ಇಷ್ಟು ಗೆರೆ ಯಾವಾಗ ಬಂದವು, ಯಾವಾಗ ಇಷ್ಟು ಬಡವಾದರು? ಮನೆಯಲ್ಲಿ ಒಲೆಯ ಹಿಂದಿನ ಗೋಡೆಯ ಜಿಡ್ಡು ನೋಡಿ ಅಸಹ್ಯವಾಯಿತು. ಕಾರ್ಖಾನೆಯಲ್ಲಿ ಹೋದ ವರ್ಷ ಕೊಟ್ಟ ಹೊಸ ಯೂನಿಫಾರಂ ಬೂದು ಹಸಿರು ಅಂತ ನಾನು ತಿಳಿದಿದ್ದೆ. ಹಗ್ಗದ ಮೇಲೆ ಒಣಗುತ್ತಿದ್ದದ್ದು ನೀಲಿ, ಅಚ್ಚ ನೀಲಿ.

ಧೂಳು, ಎಣ್ಣೆ ಬೇಡ ಅಂತ ಒಂದು ತಿಂಗಳು ಕೆಲಸಕ್ಕೆ ಕಳಿಸಲಿಲ್ಲ. ಭಾರ ಎತ್ತಬಾರದು, ಕಣ್ಣು ಉಜ್ಜಬಾರದು, ತಪ್ಪದೆ ಹನಿ ಹಾಕಬೇಕು. ತಿಂಗಳ ಕೊನೆಗೆ ಹತ್ತಿರಕ್ಕೆ ಹೊಸ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಕಾರ್ಖಾನೆಗೆ ಹೋದೆ. ಸೂಪರ್‌ವೈಸರ್ ವಾಪಸ್ ಬಂದಿದ್ದ ಪೆಟ್ಟಿಗೆಯೊಂದನ್ನು ತಂದು ಟೇಬಲ್ಲಿನ ಮೇಲೆ ಸುರಿದರು. "ನೋಡಿ ಅಕ್ಕ."

ಒಂದು ಬುಶ್ ಎತ್ತಿ ಲೈಟಿಗೆ ಹಿಡಿದೆ. ತಿರುಗಿಸುವ ಮೊದಲೇ ಕಂಡಿತು. ಈ ತುದಿಯಿಂದ ಆ ತುದಿಗೆ ಗೀರು. ಇನ್ನೊಂದು ಎತ್ತಿದೆ. ಮತ್ತೊಂದು. ಕುರುಡರೂ ಕೈಯಾಡಿಸಿ ಹೇಳಬಹುದಾದ ಮುಳ್ಳು ಅಂಚಿನಲ್ಲಿ. ಇವನ್ನೆಲ್ಲ ನಾನೇ ನೋಡಿ, ಒಳ್ಳೆಯದು ಅಂತ ಹಸಿರು ಟ್ರೇಗೆ ಹಾಕಿದ್ದೆ. ಇಂಥವು ಇನ್ನೆಷ್ಟು ಪಂಪುಗಳ ಒಳಗೆ ಹೋಗಿ ಕೂತಿವೆಯೋ.

ಆಗ ಆ ಮಧ್ಯಾಹ್ನ ನೆನಪಿಗೆ ಬಂತು. ಅವಳ ಮುಷ್ಟಿಯಲ್ಲಿದ್ದ ಎರಡು ಬುಶ್. ಫಳಫಳ ಹೊಳೆಯುತ್ತಿವೆ, ಒಂದು ಕಲೆ ಇಲ್ಲ ಅಂತ ತೀರ್ಪು ಕೊಟ್ಟದ್ದು ಯಾವ ಕಣ್ಣು? ಕೈಯಲ್ಲಿದ್ದ ಬುಶ್ಶನ್ನು ಕೆಂಪು ಡಬ್ಬಕ್ಕೆ ಹಾಕಿದೆ. ಎದ್ದು ಹಿಂಭಾಗಕ್ಕೆ ಹೋದೆ.

ಅವಳು ತೊಟ್ಟಿಯ ಮುಂದೆ ಕೂತಿದ್ದಳು. ಬೆರಳಿನ ಸಂದುಗಳೆಲ್ಲ ಬಿರಿದು ಕೆಂಪಾಗಿದ್ದವು.

"ಎಷ್ಟು ದಿವಸದಿಂದ ನನ್ ಟ್ರೇ ನೋಡ್ತಿದ್ದೆ?" ಅಂತ ಕೇಳಿದೆ.

ಅವಳು ತಲೆ ಎತ್ತಲಿಲ್ಲ. "ಯುಗಾದಿಗಿಂತ ಮೊದಲಿಂದ್ರಿ ಮೇಡಂ. ದಿನಾ ನಿಮ್ಮವು ಮತ್ತೊಮ್ಮೆ ನೋಡಿ ಕೆಟ್ಟವು ಆರಿಸಿ ನನ್ನ ಡಬ್ಬಕ್ಕ ಹಾಕ್ತಿದ್ದೆ. ಎಲ್ಲಾ ಆಗ್ತಿರಲಿಲ್ಲ. ಒಂದಿಷ್ಟು ದಾಟಿ ಹೋಗ್ತಿದ್ವು."

ಅವಳು ನಿಧಾನವಾದದ್ದು ಅದಕ್ಕೆ. ಇಬ್ಬರ ಕೆಲಸ ಅವಳೊಬ್ಬಳೇ ಮಾಡುತ್ತಿದ್ದಳು, ನಾನು ಅವಳನ್ನೇ ಸೋಮಾರಿ ಅಂತ ದೂರುತ್ತಿದ್ದೆ.

"ನಂಗೆ ಹೇಳ್ಬಾರ್ದಾಗಿತ್ತಾ?"

"ಒಮ್ಮೆ ಹೇಳೀನ್ರಿ. ಇದರಾಗ ಗೀರ್ ಐತಿ ನೋಡ್ರಿ ಅಕ್ಕಾ ಅಂದ್ರ, 'ನನಗೇ ಕಲಿಸ್ತೀಯಾ' ಅಂದ್ರಿ. ಆಮ್ಯಾಲೆ ಹೇಳಲಿಲ್ಲ."

ನನಗೆ ಆ ಮಾತು ಆಡಿದ ನೆನಪೇ ಇಲ್ಲ. ಆಡಿರುತ್ತೇನೆ.

"ಅವತ್ತು ಸೂಪರ್‌ವೈಸರ್ ಕೇಳಿದಾಗಲಾದ್ರೂ..."

"ಹೇಳಿದ್ರ ನಿಮ್ಮ ಕೆಲಸ ಹೋಗ್ತಿತ್ತು. ಕೆಲಸ ಕಲಿಸಿದವರು ನೀವು, ಮನಿ ಕೊಡಿಸಿದವರು ನೀವು. ಆದ್ರ ನನಗೂ ಸಿಟ್ಟು ಬಂದಿತ್ರಿ. ಮನೀಗ್ ಹೋಗಿ ಅತ್ತೀನಿ. ಕಳ್ಳಿ ಅಂದ್ರಿ ನೀವು."

"ತಪ್ಪಾಯ್ತು ಕಣಮ್ಮ."

ಈಗ ತಲೆ ಎತ್ತಿದಳು. "ಇಲ್ಲಿ ತೊಟ್ಟಿ ಮುಂದ ಬ್ಯಾಡ್ರಿ. ಕಳ್ಳಿ ಅಂದಿದ್ದು ಎಲ್ಲಾರ ಮುಂದ. ಇದನೂ ಎಲ್ಲಾರ ಮುಂದ ಅನ್ರಿ."

ಊಟದ ಬೆಲ್ ಆಗುವ ತನಕ ನಾನು ಟೇಬಲ್ಲಿನಲ್ಲಿ ಏನು ಮಾಡಿದೆನೋ ತಿಳಿಯದು. ಶೆಡ್ಡಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚುವಾಗ ಎದ್ದು ನಿಂತೆ. ಎಲ್ಲ ಹೇಳಿದೆ. ನನ್ನ ಕಣ್ಣು ಹೋಗಿತ್ತು. ವಾಪಸ್ ಬಂದ ಮಾಲು ನಾನು ಪಾಸು ಮಾಡಿದ್ದು. ಅವಳು ನನ್ನ ಟ್ರೇಗೆ ಕೈ ಹಾಕಿದ್ದು ನನ್ನ ತಪ್ಪು ಆರಿಸಿ ತೆಗೆಯೋಕೆ. ಅವಳು ಕಳ್ಳಿ ಅಲ್ಲ, ಕಳ್ಳಿ ಅಂದ ಬಾಯಿ ನನ್ನದು, ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ.

ಲೇತ್‌ನವರೊಬ್ಬರು ತಟ್ಟೆ ನೋಡಿಕೊಂಡು ಕೂತರು. ಸೂಪರ್‌ವೈಸರಿಗೆ ಕೋಪ ಬಂದದ್ದು ನನ್ನ ಮೇಲಲ್ಲ, ಅವಳ ಮೇಲೆ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ಎಲ್ಲರ ಅನ್ನಕ್ಕೂ ಕಲ್ಲು ಬೀಳ್ತಿತ್ತು!" ಅಂತ ಕೂಗಾಡಿದರು. ಅವಳು, "ಹೌದ್ರಿ ಸರ, ಅದು ನನ್ನ ತಪ್ಪರಿ" ಅಂದು ರೊಟ್ಟಿ ಮುರಿದಳು.

ಸೋಮವಾರ ಅವಳು ಟೇಬಲ್ಲಿಗೆ ವಾಪಸ್ ಬಂದಳು. ನನ್ನನ್ನು ಎಡಗಣ್ಣಿನ ಆಪರೇಶನ್ ಆಗುವವರೆಗೆ ಪ್ಯಾಕಿಂಗಿಗೆ ಹಾಕಿದರು. ಅದೂ ಎರಡು ತಿಂಗಳಿಗೆ ಆಯಿತು. ಎರಡನೆಯ ಸಲ ಹೆದರಿಕೆ ಇರುವುದಿಲ್ಲ ಅಂದುಕೊಂಡಿದ್ದೆ. ಏನಾಗುತ್ತದೆ ಅಂತ ಗೊತ್ತಿದ್ದುದರಿಂದಲೋ ಏನೋ, ಹೆದರಿಕೆ ಜಾಸ್ತಿಯೇ ಆಯಿತು. ಈಗ ಮತ್ತೆ ಅದೇ ಟೇಬಲ್ಲಿನಲ್ಲಿ ಎದುರುಬದುರು ಕೂರುತ್ತೇವೆ. ಅಕ್ಕಾ ಅನ್ನುತ್ತಾಳೆ. ಆದರೆ ಮೊದಲಿನ ಸಲಿಗೆ ಇಲ್ಲ. ಅದು ಬರಬೇಕು ಅಂತ ಕೇಳುವ ಮುಖ ನನಗೂ ಇಲ್ಲ.

ಮೊನ್ನೆ ಮನೆಯಲ್ಲಿ ಯಜಮಾನರನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದೆ. ಒಂದು ವಾರದಿಂದ ಹೇಳುತ್ತಿದ್ದರೂ ನುಣುಚಿಕೊಳ್ಳುತ್ತಿದ್ದರು. "ದಿನಾ ಈ ಟ್ರಾಫಿಕ್ಕಲ್ಲಿ ಆಟೋ ಓಡಿಸ್ತೀನಿ, ನನ್ ಕಣ್ಣಿಗೇನಾಗಿದೆ?" ಅಂದರು. ಆ ಮಾತು ಕೇಳಿಯೇ ನನಗೆ ಭಯವಾಯಿತು. ಎಡಗಣ್ಣು ಮುಚ್ಚಿಸಿದೆ, ಹಬ್ಬ, ಏಕಾದಶಿ, ರಜೆ ಎಲ್ಲ ಸರಸರ ಓದಿದರು. ಬಲಗಣ್ಣು ಮುಚ್ಚಿಸಿದೆ. ಅದನ್ನೂ ಓದಿದರು, ಅಷ್ಟೇ ಸರಾಗವಾಗಿ, ಅದೇ ಕ್ರಮದಲ್ಲಿ.

ನಾನು ಹಾಳೆ ತಿರುವಿ ಮುಂದಿನ ತಿಂಗಳು ತೋರಿಸಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಹೆಜ್ಜೆ ಮುಂದೆ ಹೋದರು. ಇನ್ನೊಂದು ಹೆಜ್ಜೆ. ಕೈ ತೆಗೆದು, ಮತ್ತೆ ಮುಚ್ಚಿ, ನನ್ನ ಕಡೆ ತಿರುಗಿದರು. ಬಾಗಿಲಾಚೆ ಅವರ ಆಟೋ ನಿಂತಿತ್ತು, ಸಂಜೆಯ ಶಿಫ್ಟಿನವರನ್ನು ನಾಗಸಂದ್ರ ಮೆಟ್ರೋ ಹತ್ತಿರದಿಂದ ಕರೆತರುವ ಹೊತ್ತು.

"ಕೀಲಿ ಎಲ್ಲಿಟ್ಟಿದೀನಿ?" ಅಂತ ಕೇಳಿದರು ಕೊನೆಗೆ.

"ನನ್ ಹತ್ರ ಇದೆ" ಅಂದೆ. "ನಡೀರಿ, ಬಸ್ಸಲ್ಲೇ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬರೋಣ."